ಅಪ್ಪಯ್ಯನ ಬಿಳಿ ಪದ್ಮಿನಿ ಈಗ ಎಲ್ಲಿದೆ? ಹುಡುಕುವುದು ಹೇಗೆ?

ಸೋಂದೆ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ 1985ರಿಂದ 1996ರ ತನಕ ಒಂದು ಬಿಳಿ ಪ್ರೀಮಿಯರ್ ಪದ್ಮಿನಿ ಇತ್ತು. 1979ರ ಮಾಡೆಲ್. ಬೆಂಗಳೂರಿನ ಒಬ್ಬ ಇಂಜಿನಿಯರ್ ಹತ್ತಿರ ಅಪ್ಪಯ್ಯ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. (ನಮ್ಮ ಕಡೆ ಅಪ್ಪನಿಗೆ ಏಕವಚನವೇ.) ಊರಲ್ಲಿ ಯಾರೂ ಅದನ್ನು ಪದ್ಮಿನಿ ಅಂತಿರಲಿಲ್ಲ, ಫಿಯಟ್ ಅಂತಲೇ ಹೆಸರು. ಅಕ್ಕನ ಇಂಜಿನಿಯರಿಂಗ್ ಫೀಸು ಕಟ್ಟಲು 1996ರಲ್ಲಿ ಮಾರಿದ. 38 ಸಾವಿರಕ್ಕೆ.

ಅದರ ವೈಪರ್ ಕಥೆ ಹೇಳಲೇಬೇಕು. ಒಂದು ಮಳೆಗಾಲದಲ್ಲಿ ವೈಪರ್ ಮೋಟರ್ ಸುಟ್ಟುಹೋಯಿತು. ಹೊಸದಕ್ಕೆ ಹುಬ್ಬಳ್ಳಿಗೆ ಹೋಗಬೇಕು, ದುಡ್ಡೂ ಬೇಕು. ಅಪ್ಪಯ್ಯ ಮೋಟರಿನ ಕಡ್ಡಿ ಬಿಚ್ಚಿ ವೈಪರ್ ಎರಡನ್ನೂ ಸಡಿಲ ಮಾಡಿದ. ಎಡಗಡೆ ವೈಪರಿಗೆ ಒಂದು ನೈಲಾನ್ ಹಗ್ಗ ಕಟ್ಟಿ, ಎಡಬಾಗಿಲಿನ ಮುಂದೆ ಇರುವ ತ್ರಿಕೋನದ ಸಣ್ಣ ಗಾಜಿನ ಸಂದಿಯಿಂದ ಒಳಗೆ ತಂದ. ಬಲಗಡೆ ವೈಪರಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬಾನೆಟ್ ಪಕ್ಕ ರಿವೆಟ್ ಹೊಡೆದ ಹಿತ್ತಾಳೆ ಕೊಂಡಿಗೆ ಸಿಕ್ಕಿಸಿದ. ಹಗ್ಗ ಎಳೆದರೆ ಎರಡೂ ವೈಪರ್ ಈ ಕಡೆ. ಬಿಟ್ಟರೆ ಟ್ಯೂಬ್ ಎಳೆದು ಆ ಕಡೆ. ಎಳೆಯುವ ಕೆಲಸ ನನ್ನದು. ದೇವಿಮನೆ ಘಾಟಿ ಇಳಿದು ಕುಮಟಾ ತಲುಪುವಷ್ಟರಲ್ಲಿ ಕೈ ಬಿದ್ದುಹೋಗುತ್ತಿತ್ತು. ಒಂದು ಕ್ಷಣ ಮರೆತರೆ "ಎಳಿಯೋ ತಮಾ" ಅಂತ ಕೂಗು. ಹಗ್ಗ ಉಜ್ಜಿ ಉಜ್ಜಿ ಹರಿಯುತ್ತದೆ ಅಂತ ಆ ಸಣ್ಣ ಗಾಜಿನ ಫ್ರೇಮಿನ ಕೆಳಗಡೆ ಅರದಲ್ಲಿ ತಿಕ್ಕಿ ಒಂದು ಕಚ್ಚು ಕೂಡ ಮಾಡಿದ್ದ, ಬಾವಿ ರಾಟೆಯಲ್ಲಿ ಹಗ್ಗ ಕೂರುವ ಕಚ್ಚಿನ ಹಾಗೆ. ಮೋಟರ್ ಆಮೇಲೆ ಬಂತು. ಆದರೆ ಎರಡು ಮಳೆಗಾಲ ಹಾಗೇ ಓಡಿಸಿದ್ದೆವು.

ಅಪ್ಪಯ್ಯನಿಗೆ ಈಗ 81. ಹೋದ ಆಯುಧಪೂಜೆ ದಿನ ನನ್ನ ಕಾರಿಗೆ ಚೆಂಡುಹೂವಿನ ಮಾಲೆ ಕಟ್ಟುವಾಗ ಪಕ್ಕದಲ್ಲಿ ನಿಂತಿದ್ದವನು, "ಅದು ಈಗ ಎಲ್ಲಿದ್ದೋ ಏನೋ" ಅಂದ. ಅಷ್ಟೇ ಅಂದಿದ್ದು. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಕಷ್ಟ ಏನೆಂದರೆ ನಂಬರೇ ಸರಿಯಾಗಿ ಗೊತ್ತಿಲ್ಲ. 'ಎಂಇ' ಅಂತ ಶುರು, ಮೂರನೇ ಅಕ್ಷರ ಜಿ ಅಂತ ಅಪ್ಪಯ್ಯ, ಸಿ ಅಂತ ಆಯಿ. ಇರುವುದು ಒಂದೇ ಫೋಟೋ, ಅದೂ ಆಯುಧಪೂಜೆಯದು. ನಂಬರ್ ಪ್ಲೇಟಿನ ಅರ್ಧಕ್ಕೆ ಬಾಳೆಕಂದು ಅಡ್ಡ ನಿಂತಿದೆ. ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತದೆ.

ಎಲ್ಲಿಂದ ಶುರು ಮಾಡಲಿ?

ಹಳೇ ಗೇರ್

ವೈಪರ್ ಹಗ್ಗದ ಕಥೆ ಓದಿ ನಕ್ಕು ಸುಸ್ತಾದೆ. ನಮ್ಮ ಮಾವ ಇದನ್ನೇ ಸಕಲೇಶಪುರದಲ್ಲಿ ಮಾಡಿದ್ದರು, ಎಳೆಯುತ್ತಿದ್ದವರು ಅತ್ತೆ.

ಹೆಸರಿನ ವಿಷಯ ಹೇಳಿಬಿಡುತ್ತೇನೆ, ಹುಡುಕುವಾಗ ಬೇಕಾಗುತ್ತದೆ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಇದನ್ನು 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಶುರು ಮಾಡಿತು. 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. 1974ರಿಂದ ಪದ್ಮಿನಿ. ಇಂಜಿನ್ ಅದೇ 1089 ಸಿಸಿ, ಗೇರ್ ಸ್ಟೇರಿಂಗ್ ಪಕ್ಕದಲ್ಲೇ. ದಾಖಲೆಯಲ್ಲಿ ಕೆಲವು ಕಡೆ 'ಫಿಯಟ್', ಕೆಲವು ಕಡೆ 'ಪ್ರೀಮಿಯರ್', ಕೆಲವು ಕಡೆ 'ಪಿಎಎಲ್' (ಪ್ರೀಮಿಯರ್ ಆಟೊಮೊಬೈಲ್ಸ್ ಲಿಮಿಟೆಡ್) ಅಂತ ಇರುತ್ತದೆ. ಒಂದೇ ಹೆಸರಿಗೆ ಕಟ್ಟುಬೀಳಬೇಡಿ.

ನಿಜ ಹೇಳಬೇಕೆಂದರೆ ಗುಜರಿಗೆ ಹೋಗಿರುವ ಸಾಧ್ಯತೆಯೇ ಜಾಸ್ತಿ. ಮನಸ್ಸು ಗಟ್ಟಿ ಮಾಡಿಕೊಂಡು ಹುಡುಕಿ.

ಅಂಬಿ ಅಭಿಮಾನಿ

ಅಂಬಾಸಡರ್ ಆಗಿದ್ದರೆ ಇವತ್ತಿಗೂ ಓಡುತ್ತಿತ್ತು. ಸುಮ್ನೆ ಹೇಳಿದೆ.

ಹಳೇ ಗೇರ್

ಅಂಬಾಸಡರ್ ಆಗಿದ್ದರೆ ದೇವಿಮನೆ ಘಾಟಿಯಲ್ಲಿ ಸ್ಟೇರಿಂಗ್ ತಿರುಗಿಸಲು ಇನ್ನೊಬ್ಬ ಹುಡುಗ ಬೇಕಾಗುತ್ತಿತ್ತು.

ನಿರ್ವಾಹಕ

ಜಗಳ ಬೇರೆ ಎಳೆಯಲ್ಲಿ ಆಡಿಕೊಳ್ಳಿ. ಸೋಂದೆ ಹುಡುಗರೇ, ನಂಬರ್ ಸಿಕ್ಕರೂ ಇಲ್ಲಿ ಪೂರ್ತಿ ಹಾಕಬೇಡಿ. ಈಗಿನ ಮಾಲೀಕರ ಹೆಸರು, ಫೋನ್ ನಂಬರ್ ಅಂತೂ ಬೇಡವೇ ಬೇಡ.

ಕಡತದ ಧೂಳು

ನಾನು ಆರ್‌ಟಿಒ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಯಾವ ಊರು ಅಂತ ಕೇಳಬೇಡಿ, ಇವತ್ತಿಗೂ ಮದುವೆ ಮನೆಯಲ್ಲಿ ಹಿಡಿದುಕೊಂಡು ಲೈಸೆನ್ಸ್ ವಿಷಯ ಕೇಳುತ್ತಾರೆ.

ಮೊದಲು ಸಮಾಧಾನದ ಮಾತು. ನಂಬರ್ ಬದಲಾಗಿರುವುದಿಲ್ಲ. ಈಗಿನ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದಿದ್ದು 1989ರ ಜುಲೈ 1ಕ್ಕೆ, ಕೆಎ ಸರಣಿ ಅದರ ನಂತರದ್ದು. ಅದಕ್ಕೂ ಹಿಂದಿನ ಎಂವೈ, ಎಂಇ, ಸಿಎ ಗಾಡಿಗಳಿಗೆ ಹಳೇ ನಂಬರೇ ಮುಂದುವರಿಯಿತು. ರಾಜ್ಯದೊಳಗೆ ಹತ್ತು ಕೈ ಬದಲಾದರೂ ಅದೇ ನಂಬರ್. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮಾತ್ರ ಅಲ್ಲಿನ ನಂಬರ್ ತಗೋಬೇಕು. ಹಾಗೆ ಹೋಗುವಾಗ ಇಲ್ಲಿಂದ ಎನ್‌ಒಸಿ ತಗೊಂಡಿರುತ್ತಾರೆ, ಅದಕ್ಕೆ ಫಾರಂ 28. ಅದೂ ನಮೂದಾಗಿರುತ್ತದೆ.

ಎರಡನೆಯದು ಬಿ ಎಕ್ಸ್‌ಟ್ರಾಕ್ಟ್. ಪ್ರತಿ ಗಾಡಿಗೂ ಕಚೇರಿಯಲ್ಲಿ ಒಂದು ದಾಖಲೆ ಇರುತ್ತದೆ, ಅದರ ನಕಲು ಇದು. ಯಾರಿಂದ ಯಾರಿಗೆ, ಯಾವತ್ತು, ಸಾಲ ಇತ್ತಾ, ಬಣ್ಣ ಬದಲಾಯಿತಾ, ಎಲ್ಲ ಅದರಲ್ಲಿ ಇರಬೇಕು. ಗಾಡಿಯ ಜಾತಕ ಅಂದುಕೊಳ್ಳಿ. ನಂಬರ್ ಇಲ್ಲದೆ ಅದನ್ನು ಯಾರೂ ತೆಗೆದುಕೊಡುವುದಿಲ್ಲ. ಹಾಗಾಗಿ ಮನೆಯಲ್ಲಿ ಕಾಗದ ಹುಡುಕಿ. ಆರ್‌ಸಿ ಗಾಡಿಯ ಜೊತೆ ಹೋಗಿರುತ್ತದೆ. ಆದರೆ ಹಳೇ ಇನ್ಶೂರೆನ್ಸ್ ಕಾಗದ ಯಾರೂ ಕೊಡುವುದಿಲ್ಲ, ಎಸೆಯುವುದೂ ಇಲ್ಲ. ಟ್ಯಾಕ್ಸ್ ಕಾರ್ಡ್ ನೋಡಿ. ಸರ್ವಿಸ್ ಬಿಲ್ ನೋಡಿ. ಚಾಸಿಸ್ ನಂಬರ್ (ಗಾಡಿಯ ಚೌಕಟ್ಟಿನ ಮೇಲಿನ ನಂಬರ್) ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಮೂರನೆಯದು, ಇದು ನಿಮ್ಮ ತಂದೆಯವರ ಹಿತಕ್ಕೆ. ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಆ ಕಾಲದಲ್ಲಿ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬ್ರೋಕರ್ ಗಾಡಿ ಒಯ್ಯುತ್ತಿದ್ದರು. ಎಷ್ಟೋ ಗಾಡಿ ಇವತ್ತಿಗೂ ಸತ್ತವರ ಹೆಸರಲ್ಲೇ ಓಡಾಡುತ್ತಿವೆ. ನಿಮ್ಮ ತಂದೆಯವರ ಹೆಸರಲ್ಲೇ ಉಳಿದಿದ್ದರೆ ಹುಡುಕುವುದು ಬರೀ ಆಸೆಯ ವಿಷಯ ಅಲ್ಲ, ಅಗತ್ಯ.

ಡೊಂಬಿವಲಿ ಕನ್ನಡಿಗ

ಇಲ್ಲಿ ಮುಂಬಯಿಯಲ್ಲಿ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ಮುಗಿದೇ ಹೋಯಿತು. ಕೊನೆಯದು ತಾರ್‌ದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್‌ನಲ್ಲಿ ನೋಂದಣಿ ಆಗಿದ್ದು. ಟ್ಯಾಕ್ಸಿಗೆ 20 ವರ್ಷ ಮಿತಿ. 2023ರ ಅಕ್ಟೋಬರ್ 30ರಿಂದ ರಸ್ತೆಯಲ್ಲಿ ಇಲ್ಲ. ನಾನು ಆ ವಾರ ಸುಮ್ನೆ ದಾದರ್‌ನಿಂದ ಮಾಟುಂಗಾಕ್ಕೆ ಒಂದರಲ್ಲಿ ಕೂತು ಬಂದೆ. ಡ್ರೈವರ್ ನಮ್ಮ ಕುಂದಾಪುರದವರು! ಬಾಡಿಗೆ ತಗೊಳ್ಳಲಿಲ್ಲ.

ಕ್ಷಮಿಸಿ, ವಿಷಯಕ್ಕೆ ಸಂಬಂಧ ಇಲ್ಲ.

ಸೋಂದೆ ಹುಡುಗ

ಕಡತದ ಧೂಳು ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಈ ಶನಿವಾರ ಊರಿಗೆ ಹೋಗಿ ಅಟ್ಟ ಹತ್ತಿದೆ. ಅಡಿಕೆ ತೂಕದ ಚೀಟಿ, ಸೊಸೈಟಿ ಪಾಸ್‌ಬುಕ್ಕು, 1991ರ ಪಂಚಾಂಗ, ಇಲಿ ಕಡಿದ ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್. ಇವುಗಳ ಮಧ್ಯೆ ಒಂದು ಇನ್ಶೂರೆನ್ಸ್ ಕಾಗದ. ಕಾರ್ಬನ್ ಪ್ರತಿ, ನೀಲಿ ಮಸುಕಾಗಿದೆ. ಆದರೆ ನಂಬರ್ ಇದೆ, ಇಂಜಿನ್ ನಂಬರ್ ಇದೆ, ಚಾಸಿಸ್ ನಂಬರೂ ಇದೆ! ಮೂರನೇ ಅಕ್ಷರ ಜಿಯೂ ಅಲ್ಲ, ಸಿಯೂ ಅಲ್ಲ. ಅಪ್ಪಯ್ಯ, ಆಯಿ ಇಬ್ಬರೂ ಸೋತರು.

ಅಪ್ಪಯ್ಯನ ಖರ್ಚಿನ ಪುಸ್ತಕವೂ ಸಿಕ್ಕಿತು. "ಚೋಕ್ ವೈರ್ 14 ರೂ.", "ಪ್ಲಗ್ ಸ್ವಚ್ಛ, ಚಹಾ ಸಹಿತ 6 ರೂ." ಅಂತೆಲ್ಲ ಬರೆದಿದ್ದಾನೆ. 1996ರ ಜುಲೈಯಲ್ಲಿ ಒಂದು ಸಾಲು: "ಕಾರು ಮಾರಾಟ. ಹು. ದಲಾಲಿ ಮೂಲಕ. ಬ್ಯಾ. ಪಾರ್ಟಿ. 38,000. ದಲಾಲಿ 500 ವಜಾ."

ಹು. ಅಂದರೆ ಹುಬ್ಬಳ್ಳಿ, ಅದು ಅಪ್ಪಯ್ಯನಿಗೂ ನೆನಪಿದೆ. ಬ್ಯಾ. ಅಂದರೆ ಬ್ಯಾಂಕ್ ಪಾರ್ಟಿ ಇರಬೇಕು, ಯಾರೋ ಬ್ಯಾಂಕ್ ನೌಕರ ಅಂತ ನನ್ನ ಊಹೆ. ಅಪ್ಪಯ್ಯನಿಗೆ ನೆನಪಿಲ್ಲ.

ಹಾವೇರಿ ಏಲಕ್ಕಿ

ಏನ್ರೀ ಬ್ಯಾಂಕ್ ಪಾರ್ಟಿ! ಬ್ಯಾ. ಅಂದ್ರ ಬ್ಯಾಡಗಿ ರೀ. ಹುಬ್ಬಳ್ಳಿ ದಲಾಲಿ ಕಡೆ 1996ರಾಗ ರೊಕ್ಕ ಎಣಿಸಿ ಕಾರ್ ತಗೊಳ್ಳೋ ಮಂದಿ ಯಾರು? ಮೆಣಸಿನಕಾಯಿ ವ್ಯಾಪಾರದವರು. ನಮ್ಮ ಮಾವನ ಅಂಗಡಿ ಅಲ್ಲೇ ಮಾರ್ಕೆಟ್ ಹತ್ತಿರ ಐತಿ. ಬಿಳಿ ಫಿಯಟ್ ಯಾರ ಕಡೆ ಇತ್ತು ಅಂತ ಕೇಳಿ ಹೇಳ್ತೇನಿ. ಫೋಟೋ ಕಳಸ್ರಿ.

ಹಳೇ ಗೇರ್

ಈಗ ನಂಬರ್ ಇದೆ ಅಲ್ವಾ, ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಸಿಗದಿದ್ದರೆ ನಂಬರಿನ ಮುಂದೆ ಸೊನ್ನೆ ಸೇರಿಸಿ ನಾಲ್ಕು ಅಂಕಿ ಮಾಡಿ ಹಾಕಿ. ಹಳೇ ಗಾಡಿಗಳನ್ನು ಕಂಪ್ಯೂಟರಿಗೆ ಹಾಕುವಾಗ ಒಬ್ಬೊಬ್ಬರು ಒಂದೊಂದು ಥರ ಹಾಕಿದ್ದಾರೆ. ಆಮೇಲೂ ಸಿಗದಿದ್ದರೆ ಗಾಡಿ ಇಲ್ಲ ಅಂತ ಅರ್ಥ ಅಲ್ಲ. ಹಳೇ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಹತ್ತದೇ ಉಳಿದ ಗಾಡಿ ಎಷ್ಟೋ ಇವೆ.

ಸೋಂದೆ ಹುಡುಗ

ಸೊನ್ನೆ ಹಾಕಿದೆ. ಬಂತು!!!

ರಾತ್ರಿ ಹನ್ನೊಂದೂವರೆಗೆ ಹಾಕಿದ್ದು. ಹೆಂಡತಿ ಎದ್ದು ಏನಾಯ್ತು ಅಂತ ಕೇಳಿದಳು, ಅಷ್ಟು ಜೋರಾಗಿ ಕೂಗಿದ್ದೆ. ಆರ್‌ಸಿ ಚಾಲ್ತಿಯಲ್ಲಿದೆ. ಮಾಲೀಕರ ಹೆಸರು ಪೂರ್ತಿ ತೋರಿಸುವುದಿಲ್ಲ, ನಡುನಡುವೆ ನಕ್ಷತ್ರ. ಚಾಸಿಸ್ ನಂಬರೂ ಅರ್ಧ ಮುಚ್ಚಿದೆ, ಕಾಣುವ ಅಂಕಿಗಳು ನಮ್ಮ ಕಾಗದಕ್ಕೆ ಹೊಂದುತ್ತವೆ. ಕಚೇರಿ ಹಾಸನದ್ದು. ಅಂದರೆ ಯಾರೋ ಐದೈದು ವರ್ಷಕ್ಕೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಮಾಡಿಸುತ್ತಿದ್ದಾರೆ!

ಅಪ್ಪಯ್ಯನಿಗೆ ಇನ್ನೂ ಹೇಳಿಲ್ಲ.

ಕಡತದ ಧೂಳು

ಹಳೇ ಗಾಡಿಗೆ ಅಷ್ಟು ಖರ್ಚು ಮಾಡುವವರು ಸುಮ್ಮನೆ ಇಟ್ಟುಕೊಂಡಿರುವುದಿಲ್ಲ. 2022ರ ಏಪ್ರಿಲ್‌ನಿಂದ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ಆಯಿತು. ಜೊತೆಗೆ ಹಸಿರು ತೆರಿಗೆ. ಪ್ರೀತಿ ಇದ್ದವರೇ ಕಟ್ಟುವುದು.

ಸೋಂದೆ ಹುಡುಗ

ಮಾಲೀಕರ ವಿಳಾಸಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದಾ?

ಕಡತದ ಧೂಳು

ಅರ್ಜಿಯ 10 ರೂಪಾಯಿ ಶುಲ್ಕ ವ್ಯರ್ಥ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನೀವು ಮೇಲೆ ಬರೆದ ವೈಪರ್ ಕಥೆ ಹಿಡಿಸುವುದಿಲ್ಲ. 30 ದಿನದೊಳಗೆ ಉತ್ತರ ಬರುತ್ತದೆ, ಆ ಕಾಯ್ದೆಯ ಸೆಕ್ಷನ್ 8(1)(ಜೆ) ಪ್ರಕಾರ ಖಾಸಗಿ ಮಾಹಿತಿ, ಕೊಡಲಾಗುವುದಿಲ್ಲ ಅಂತ. ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ಕೊಡಬಾರದು ಕೂಡ. ನಾಳೆ ನಿಮ್ಮ ವಿಳಾಸವನ್ನು ಯಾರೋ ಕೇಳಿದರೆ?

ಜನರ ಮೂಲಕವೇ ಹೋಗಿ. ಬ್ಯಾಡಗಿ ದಾರಿ ಬಿಡಬೇಡಿ.

ಕಾಫಿಪುಡಿ

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಾರು ಬೇಕಾಗಿರುವುದು ನಿಮ್ಮ ತಂದೆಗಾ, ನಿಮಗಾ?

ನನ್ನ ತಮ್ಮ ಹೀಗೇ ಅಪ್ಪನ ಹಳೇ ಮಾರುತಿ 800 ಹುಡುಕಿ ತಂದು ಹುಟ್ಟುಹಬ್ಬಕ್ಕೆ ಮನೆ ಮುಂದೆ ನಿಲ್ಲಿಸಿದ. ಅಪ್ಪ ಹೊರಗೆ ಬಂದು ನೋಡಿ, "ಇದನ್ನ ಮಾರಕ್ಕೆ ಎಷ್ಟು ಕಷ್ಟಪಟ್ಟಿದ್ದೆ ಗೊತ್ತಾ" ಅಂದರು. ಆ ಕಾರಿನ ಸಾಲ ತೀರಿಸಲು ಅವರು ಏನೇನು ಪಟ್ಟಿದ್ದರೋ ನಮಗೆ ಗೊತ್ತೇ ಇರಲಿಲ್ಲ. ಈಗ ಅದು ಶೆಡ್‌ನಲ್ಲಿ ಟಾರ್ಪಾಲಿನ್ ಕೆಳಗೆ ಇದೆ.

ಸೋಂದೆ ಹುಡುಗ

ಬೇಸರ ಯಾಕೆ, ಸರಿಯಾಗಿಯೇ ಕೇಳಿದಿರಿ. ಎರಡು ದಿನ ಯೋಚನೆ ಮಾಡಿದೆ.

ನನಗೇ ಬೇಕು. ಮಾರುವ ದಿನ ನಾನು ಶಾಲೆಗೆ ಹೋಗಿದ್ದೆ. ಸಂಜೆ ಬಂದರೆ ಕೊಟ್ಟಿಗೆ ಪಕ್ಕ ಎಣ್ಣೆ ಕಲೆ ಮಾತ್ರ ಇತ್ತು. ನನಗೆ ಯಾರೂ ಹೇಳಿರಲಿಲ್ಲ. ಅಪ್ಪಯ್ಯನಿಗೆ ಬೇಕಾ ಅಂತ ನಾನು ಕೇಳಿಯೇ ಇರಲಿಲ್ಲ. ನಿನ್ನೆ ಫೋನಿನಲ್ಲಿ ಕೇಳಿದೆ, ಕಾರು ಚಾಲ್ತಿಯಲ್ಲಿದೆ ಅಂತಲೂ ಹೇಳಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, "ವೈಪರ್ ಸರಿ ಇದ್ದಾ ಕೇಳು" ಅಂದ.

ಹಾವೇರಿ ಏಲಕ್ಕಿ

ಸಿಕ್ತು ರೀ! ಮಾವ ಫೋಟೋ ನೋಡಿದ್ದೇ ತಡ ಗುರುತು ಹಿಡಿದ್ರು. ಡಬ್ಬಿ ಮೆಣಸಿನಕಾಯಿ ವ್ಯಾಪಾರ ಮಾಡೋ ಒಬ್ಬ ಸಾವಕಾರ್ರ ಕಡೆ ಇತ್ತಂತ. ಮಾದರಿ ಚೀಲ ಎಲ್ಲ ಅದರ ಡಿಕ್ಕಿಯೊಳಗ. ಡಿಕ್ಕಿ ತೆಗೆದ್ರ ಸಾಕು ಓಣಿ ಮಂದಿಯೆಲ್ಲ ಸೀನತಿದ್ರಂತ. ಸಾವಕಾರ್ರು ಈಗ ಇಲ್ಲ. ಮಗ ಇದ್ದಾನ. 2004ರಾಗ ರಾಣೆಬೆನ್ನೂರಿನ ಒಬ್ಬ ಮೆಕ್ಯಾನಿಕ್ಕಿಗೆ ಕೊಟ್ಟರಂತ. ಆ ಮೆಕ್ಯಾನಿಕ್ಕೂ ತೀರಿಕೊಂಡಾನ, ಅವನ ಕೈಕೆಳಗ ಇದ್ದ ಹುಡುಗ ಈಗ ಸ್ವಂತ ಶೆಡ್ ಹಾಕ್ಯಾನ. ನಂಬರ್ ನಿಮಗ ಖಾಸಗಿ ಸಂದೇಶದಾಗ ಕಳಸೀನಿ.

ಅಂಬಿ ಅಭಿಮಾನಿ

ಹಾವೇರಿ ಏಲಕ್ಕಿ ಅವರನ್ನು ಪತ್ತೇದಾರಿ ಇಲಾಖೆಗೆ ಸೇರಿಸಿಕೊಳ್ಳಬೇಕು. ಫಿಯಟ್ ಆದರೂ ಪರವಾಗಿಲ್ಲ, ಮುಂದೇನಾಯಿತು ಹೇಳಿ.

ಸೋಂದೆ ಹುಡುಗ

ಮೂರು ವಾರ ಬರೆಯಲಾಗಲಿಲ್ಲ. ಹೋಗಿ ಬಂದೆವು. ನಿಧಾನಕ್ಕೆ ಹೇಳುತ್ತೇನೆ.

ರಾಣೆಬೆನ್ನೂರಿನ ಶೆಡ್‌ನವರಿಗೆ ಫೋನ್ ಮಾಡಿದೆ. "ಹೌದು ಸಾರ್, ಆ ಗಾಡಿ ಹಾಸನದ ಕಡೆ ಒಬ್ಬ ಬಸ್ ಡ್ರೈವರ್ ತಗೊಂಡ್ರು" ಅಂದರು. ಆ್ಯಪ್ ತೋರಿಸಿದ್ದೂ ಹಾಸನ. ಎರಡೂ ದಾರಿ ಒಂದೇ ಕಡೆ ಬಂದು ಸೇರಿದವು. ಡ್ರೈವರ್ ಈಗ ನಿವೃತ್ತರು. ಶೆಡ್‌ನವರೇ ಅವರನ್ನು ಕೇಳಿ, ಒಪ್ಪಿಗೆ ತಗೊಂಡು, ಆಮೇಲೆ ನನಗೆ ನಂಬರ್ ಕೊಟ್ಟರು. ಊರಿನ ಹೆಸರು ಬೇಡ.

ಅಪ್ಪಯ್ಯ, ಆಯಿ, ಅಕ್ಕ, ನಾನು, ನಾಲ್ಕೂ ಜನ ಹೋದೆವು. ಅಪ್ಪಯ್ಯ ಬಿಳಿ ಪಂಚೆ ಉಟ್ಟು, ಹೆಣ್ಣು ನೋಡಲು ಹೊರಟವರ ಹಾಗೆ ಸಂಭ್ರಮದಲ್ಲಿದ್ದ. ಮನೆಯವರು ತುಂಬಾ ಒಳ್ಳೆಯವರು. ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿಟ್ಟಿದ್ದರು. ಕಾರು ತೆಂಗಿನ ಗರಿಯ ಚಪ್ಪರದ ಕೆಳಗೆ ಇತ್ತು. ಬಣ್ಣ ಈಗ ತಿಳಿ ಹಸಿರು. ಒರೆಸಿ ಒರೆಸಿ ಹೊಳೆಯುತ್ತಿತ್ತು. ಸ್ಟೇರಿಂಗಿಗೆ ಉಣ್ಣೆಯ ಹೊದಿಕೆ. ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಗಣಪತಿ. ನಂಬರ್ ನಮ್ಮದೇ. ನನ್ನ ಕಣ್ಣಲ್ಲಿ ನೀರು ಬಂತು, ಅಕ್ಕ ಆಗಲೇ ವಿಡಿಯೋ ಶುರು ಮಾಡಿದ್ದಳು.

ಅಪ್ಪಯ್ಯ ಮಾತ್ರ ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಒಂದು ಸುತ್ತು ಬಂದ. ಬಾನೆಟ್ ಎತ್ತಿಸಿದ. ಬಲಗಡೆ, ಹಿತ್ತಾಳೆ ಕೊಂಡಿ ಇದ್ದ ಜಾಗದಲ್ಲಿ ಬೆರಳಾಡಿಸಿದ. ಅಲ್ಲಿ ಏನೂ ಇರಲಿಲ್ಲ. ಬಣ್ಣದ ಕೆಳಗೆ ಪುಟ್ಟಿ ಹಾಕಿ ತೂತು ಮುಚ್ಚಿರಬಹುದು ಅಂತ ನಾನು ಅಂದೆ. ಅಪ್ಪಯ್ಯ ಕೈ ಕೆಳಗಿನಿಂದ ಒಳಗೆ ತೂರಿಸಿ ಹಿಂಬದಿಯಿಂದ ಸವರಿದ. ಪುಟ್ಟಿ ಮೇಲೆ ಹಾಕುತ್ತಾರೆ, ಕೆಳಗೆ ತೂತು ತೂತೇ ಅಲ್ವಾ. ಅಲ್ಲೂ ತಗಡು ನುಣ್ಣಗೆ.

ಆಮೇಲೆ ಎಡಬಾಗಿಲ ಹತ್ತಿರ ಹೋದ. ಆ ತ್ರಿಕೋನದ ಗಾಜು ತೆರೆದು ಫ್ರೇಮಿನ ಕೆಳಗೆ ಹೆಬ್ಬೆರಳು ಇಟ್ಟ. ಅಲ್ಲೇ ನಿಂತ. ನನ್ನ ಕೈ ಹಿಡಿದು ಎಳೆದು ಅದೇ ಜಾಗದಲ್ಲಿ ಇಡಿಸಿದ. ಕಚ್ಚು ಸಿಕ್ಕಿತು. ಹಗ್ಗ ಓಡಾಡಿ ನುಣುಪಾದ, ಒಂದು ಬೆರಳು ಕೂರುವಷ್ಟು ಅಗಲದ ಕಚ್ಚು.

"ಇದು ನಂಗ್ಳ ಕಾರಲ್ಲ ತಮಾ. ಬಾಗ್ಲೊಂದು ನಂಗ್ಳದ್ದು" ಅಂದ.

ಡ್ರೈವರಣ್ಣನಿಗೆ ಅರ್ಥವಾಗಲಿಲ್ಲ. ನಾವೂ ಅಲ್ಲಿ ಏನೂ ಬಿಡಿಸಿ ಹೇಳಲಿಲ್ಲ. ರೊಟ್ಟಿ ತಿಂದು, ಒಂದು ಸುತ್ತು ಕಾರಿನಲ್ಲಿ ಹೋಗಿ ಬಂದೆವು. ಅಪ್ಪಯ್ಯ ಎಡಗಡೆ ಕೂತು ಬಾಗಿಲಿನ ಮೇಲೆ ಕೈ ಇಟ್ಟುಕೊಂಡಿದ್ದ.

ಹಳೇ ಗೇರ್

ಮೈ ಜುಮ್ ಅಂತು. ಆದರೆ ಇದು ಆಗುವಂಥದ್ದೇ. ಪದ್ಮಿನಿಗೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿಸ್ ಅಂತ ಇಲ್ಲ. ಬಾಡಿಯೇ ಚಾಸಿಸ್. ದೊಡ್ಡ ಏಟು ಬಿದ್ದರೆ ರಿಪೇರಿ ಅಂದರೆ ಕತ್ತರಿಸಿ ಬೆಸುಗೆ ಹಾಕುವುದೇ. ಆಗ ಗುಜರಿಯಿಂದ ಇನ್ನೊಂದು ಬಾಡಿ ತಂದು, ಈ ಗಾಡಿಯ ಕಾಗದ ಮತ್ತು ಚಾಸಿಸ್ ನಂಬರಿನ ತಟ್ಟೆ ಅದಕ್ಕೆ ಹಾಕಿಬಿಡುತ್ತಿದ್ದರು. ಶಿವಾಜಿನಗರದ ಗುಜರಿಯಲ್ಲಿ ಒಂದು ಕಾಲದಲ್ಲಿ ಫಿಯಟ್ ಬಾಗಿಲುಗಳನ್ನು ಹಪ್ಪಳದ ಹಾಗೆ ಸಾಲಾಗಿ ಒರಗಿಸಿಟ್ಟಿರುತ್ತಿದ್ದರು.

ಶೆಡ್‌ನವರನ್ನು ಇನ್ನೊಮ್ಮೆ ಕೇಳಿ ನೋಡಿ.

ಸೋಂದೆ ಹುಡುಗ

ಕೇಳಿದೆ. ಮೊದಲು ಗೊತ್ತಿಲ್ಲ ಅಂದರು. ಬಾಗಿಲಿನ ಕಚ್ಚಿನ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಣಸೆಮರಕ್ಕೆ ಹೊಡೆದಿತ್ತು ಸಾರ್, ಬಲಗಡೆ ಪೂರ್ತಿ ಹೋಗಿತ್ತು" ಅಂದರು. ಮಾಲೀಕ ಮೆಕ್ಯಾನಿಕ್ ಬೇರೆ ಬಾಡಿ ತಂದರಂತೆ. ಅದರ ಎಡಬಾಗಿಲು ತುಕ್ಕು ಹಿಡಿದಿತ್ತು, ನಮ್ಮ ಎಡಬಾಗಿಲು ಚೆನ್ನಾಗಿತ್ತು. ಅದನ್ನು ಹಾಕಿದರು. "ನಾನಾಗ ಸ್ಪ್ಯಾನರ್ ಎತ್ತಿಕೊಡೋ ಹುಡುಗ ಸಾರ್. ಆ ಕಚ್ಚು ಯಾಕಿದೆ ಅಂತ ನಮಗೂ ಗೊತ್ತಾಗಿರಲಿಲ್ಲ, ಬಿಸಿಲಿಗೆ ಬಟ್ಟೆ ಕಟ್ಟಕ್ಕೆ ಇರಬೇಕು ಅಂದ್ಕೊಂಡಿದ್ವಿ" ಅಂದರು.

ನಮ್ಮ ಬಾಡಿ? ತೂಕಕ್ಕೆ ಹೋಯಿತಂತೆ.

ಕಡತದ ಧೂಳು

ಇಲ್ಲಿ ಎಚ್ಚರಿಕೆಯಿಂದ ಹೆಜ್ಜೆ ಇಡಿ. ಚಾಸಿಸ್ ನಂಬರಿನ ವಿಷಯ ಸಣ್ಣದಲ್ಲ. ಕಚೇರಿಗೆ ತಿಳಿಸದೆ ಇಂಥ ಬದಲಾವಣೆ ಮಾಡುವಂತಿಲ್ಲ. ಆ ಡ್ರೈವರಣ್ಣ ಗೊತ್ತಿಲ್ಲದೆ ಕೊಂಡಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಆದರೆ ಅವರಿಗೆ ಗೊತ್ತಿರಬೇಕು. ನಾಳೆ ಮಾರಲು ಹೋದಾಗಲೋ, 50 ವರ್ಷ ತುಂಬಿದ ಮೇಲೆ ವಿಂಟೇಜ್ ನೋಂದಣಿಗೆ ಹೋದಾಗಲೋ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅವರೇ ಉತ್ತರ ಕೊಡಬೇಕಾಗುತ್ತದೆ. ಈ ಕಾರಿಗೆ 2029ಕ್ಕೆ 50 ತುಂಬುತ್ತದೆ. ನೀವೇ ಸಮಾಧಾನವಾಗಿ ಹೇಳಿ. ಒಬ್ಬ ವಕೀಲರನ್ನು ಕೇಳಿ, ತಾವಾಗಿಯೇ ಕಚೇರಿಗೆ ಹೋಗುವುದು ಒಳ್ಳೆಯದು.

ಕಾಫಿಪುಡಿ

ನಿಮ್ಮ ತಂದೆ ಈಗ ಹೇಗಿದ್ದಾರೆ?

ಸೋಂದೆ ಹುಡುಗ

ಆರಾಮಾಗಿದ್ದಾನೆ! ಬೇಸರ ಪಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಬಾಗಿಲಿನದೇ ಮಾತು. ಅರ ಎಲ್ಲಿಂದ ತಂದಿದ್ದು, ಎಷ್ಟು ಹೊತ್ತು ತಿಕ್ಕಿದ್ದು, ಮೊದಲ ಸಲ ಜಾಸ್ತಿ ತಿಕ್ಕಿ ಗಾಜು ಅಲ್ಲಾಡಲು ಶುರುವಾಗಿದ್ದು. "ನಂಗ್ಳ ಅರದ ಕೆಲಸ ಹುಣಸೆಮರಕ್ಕೂ ಜಗ್ಗಿದ್ದಿಲ್ಲೆ" ಅಂತ ಮೂರು ಜನಕ್ಕೆ ಫೋನ್ ಮಾಡಿ ಹೇಳಿದ್ದಾನೆ.

ಡ್ರೈವರಣ್ಣನಿಗೆ ಎಲ್ಲ ತಿಳಿಸಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವರೇ ಮಾಡಿದರು. ಅವರ ಅಳಿಯನಿಗೆ ಹಾಸನದಲ್ಲಿ ಒಬ್ಬರು ವಕೀಲರು ಪರಿಚಯ, ಅವರ ಜೊತೆ ಕಚೇರಿಗೆ ಹೋಗಿ ಮಾತಾಡುತ್ತಾರಂತೆ. ನಮ್ಮ ಹಳೇ ಇನ್ಶೂರೆನ್ಸ್ ಕಾಗದದ ನಕಲು ಕಳಿಸಿದ್ದೇನೆ. ಕಾರು ಕೊಡಿ ಅಂತ ನಾನು ಕೇಳಲಿಲ್ಲ, ಅವರೂ ಕೊಡುವವರಲ್ಲ. ಹದಿನೈದು ವರ್ಷದಿಂದ ಅದು ಅವರ ಕಾರು.

ಆದರೆ ಫೋನ್ ಇಡುವ ಮುಂಚೆ ಒಂದು ಮಾತು ಅಂದರು. "ಆ ಬಾಗಿಲು ನಿಮ್ಮಪ್ಪಾಜಿಗೆ ಬೇಕಂದ್ರೆ ತಗೊಂಡೋಗಿ. ನಂಗೆ ಅದರ ಬದಲು ಒಂದು ಒಳ್ಳೆ ಬಾಗಿಲು ಹುಡುಕಿ ಕೊಡಿ."

ಹಾಗಾಗಿ ಮತ್ತೆ ಇಲ್ಲೇ ಬಂದಿದ್ದೇನೆ. ಯಾರ ಹತ್ತಿರವಾದರೂ ಪದ್ಮಿನಿಯ ಎಡಗಡೆ ಮುಂದಿನ ಬಾಗಿಲು ಇದೆಯಾ? ತ್ರಿಕೋನದ ಗಾಜು ಇರುವ ಮಾಡೆಲ್ ಆಗಬೇಕು. ಸ್ವಲ್ಪ ತುಕ್ಕು ಇದ್ದರೂ ಪರವಾಗಿಲ್ಲ, ಟಿಂಕರಿಂಗ್ ಮಾಡಿಸುತ್ತೇನೆ. ಬೆಂಗಳೂರಲ್ಲಿ ಎರಡು ಭಾನುವಾರ ಸುತ್ತಿದೆ, ಬಲಗಡೆಯದು ಮಾತ್ರ ಸಿಗುತ್ತಿದೆ.

ಅಂಬಿ ಅಭಿಮಾನಿ

ಅಂಬಾಸಡರ್ ಬಾಗಿಲು ನಾಲ್ಕಿದೆ. ಬೇಡ ಅಂತ ಗೊತ್ತು.

ಹಳೇ ಗೇರ್

ಚೆನ್ನೈ ಪುದುಪೇಟೆಯಲ್ಲಿ ನನ್ನ ಪರಿಚಯದವರಿದ್ದಾರೆ, ಕೇಳುತ್ತೇನೆ. ಹಿಂಜ್ ಸಮೇತ ತಗೊಳ್ಳಿ, ಬರೀ ಬಾಗಿಲು ತಂದರೆ ಕೂರಿಸಲು ಒದ್ದಾಡುತ್ತೀರಿ.

ತೀರ್ಥಹಳ್ಳಿ ಮಳೆ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮ ಅಜ್ಜಯ್ಯನ ಫಿಯಟ್ಟಿನ ಬಾಗಿಲು ಒಂದು ಹಿತ್ತಲಲ್ಲಿ ಇದೆ. ಗಾಜು ಗಟ್ಟಿ ಇದೆ. ಎಡಗಡೆಯದೇ, ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಆದರೆ ಅದು ಈಗ ಕೋಳಿಗೂಡಿನ ಬಾಗಿಲಾಗಿದೆ. ಅಮ್ಮನನ್ನು ಕೇಳಿ ನಾಳೆ ಹೇಳುತ್ತೇನೆ.